ನಾಲ್ಕನೇ ಮೈಕು

ಎರಡನೇ ಹಾಡು ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು. ಎರಡು ದೊಡ್ಡ ಸ್ಪೀಕರುಗಳೂ ಒಟ್ಟಿಗೆ ಬಾಯಿ ಮುಚ್ಚಿದವು. ಕೀಬೋರ್ಡಿನವನು ಇನ್ನೂ ಒಂದು ಗಳಿಗೆ ಬೆರಳಾಡಿಸಿ, ಏನೂ ಕೇಳಿಸದೆ ಕೈ ತೆಗೆದ. ಸಂಜೆ ಐದೂವರೆ, ಕಿಟಕಿಗಳಿಂದ ಬೇಕಾದಷ್ಟು ಬೆಳಕಿತ್ತು. ಆದರೂ ಕಲಾಕೇಂದ್ರದ ಎಂಬತ್ತು ಕುರ್ಚಿಗಳಲ್ಲಿ ಕೂತವರು ಇರಬೇಕೋ ಹೋಗಬೇಕೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಭಾಂಗಣದ ಹಿಂಬದಿಯ ಮೇಜಿನಲ್ಲಿ ಧ್ವನಿ ಹೊಂದಿಸುತ್ತ ಕೂತಿದ್ದ ಮೈಕಣ್ಣ ಟೆಸ್ಟರು ಹಿಡಿದು ಹೊರಗಿನ ಫ್ಯೂಸ್ ಪೆಟ್ಟಿಗೆಯ ಕಡೆ ಓಡಿದ.

“ನಿಲ್ಲಿಸೋದು ಬೇಡ, ಹಾಗೇ ಹಾಡೋಣ ಬನ್ರೇ,” ಎಂದಳು ತಂಡದ ಹಿರಿಯಳು ನರ್ಸಕ್ಕ. ನಾಲ್ವರು ಹೆಂಗಸರೂ ಮೈಕು ಬಿಟ್ಟು ವೇದಿಕೆಯ ಅಂಚಿಗೆ ಬಂದು ನಿಂತರು. ನಾಲ್ಕನೆಯವಳು ಟೈಲರಮ್ಮ, ಮೈಕಣ್ಣನ ಹೆಂಡತಿ. ವೇದಿಕೆಯ ಪರದೆ, ಹಾಡುವವರ ಉಡುಪು ಎಲ್ಲ ಅವಳೇ ಹೊಲಿದದ್ದು. ಒಂಬತ್ತು ವರ್ಷದಿಂದ ತಿಂಗಳಿಗೊಂದು ಕಾರ್ಯಕ್ರಮ, ಒಂದನ್ನೂ ತಪ್ಪಿಸಿದವಳಲ್ಲ. ಹೊಲಿಗೆಯಂತ್ರ ತುಳಿಯುತ್ತ ತುಳಿಯುತ್ತಲೇ ಅಭ್ಯಾಸ ಮಾಡುತ್ತಿದ್ದಳು. ಇಷ್ಟು ವರ್ಷದಲ್ಲಿ ಒಬ್ಬರೂ ಅವಳ ದನಿ ಚೆನ್ನಾಗಿದೆ ಎಂದಿರಲಿಲ್ಲ. ಪರದೆ ಚೆನ್ನಾಗಿದೆ ಎಂದಿದ್ದರು.

ಪಿಟೀಲೊಂದರ ಜೊತೆ ಹಾಡು ಮತ್ತೆ ಶುರುವಾಯಿತು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಕೂತವರ ಕತ್ತುಗಳೆಲ್ಲ ಟೈಲರಮ್ಮನ ಕಡೆ ತಿರುಗಿದವು. ದಪ್ಪ ದನಿ, ಒಂಚೂರು ಒರಟು, ಆದರೆ ಎಲ್ಲೂ ತಡವರಿಸದೆ ನೆಟ್ಟಗೆ ಹೋಗಿ ಕೊನೆಯ ಸಾಲಿನವರನ್ನು ಮುಟ್ಟುವಂಥದ್ದು. ಪ್ರತಿ ಸಲವೂ ಪಕ್ಕದಲ್ಲೇ ನಿಂತು ಹಾಡುವವರಿಗೆ ಅವರವರ ಶ್ರುತಿಯದೇ ಚಿಂತೆ. ಇವತ್ತು ಅವರೂ ಕೇಳಿದರು. ಕೇಳಿ, ತಮ್ಮ ದನಿಯನ್ನು ತಗ್ಗಿಸಿಕೊಂಡರು. ಹಾಡು ಮುಗಿದಾಗ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ, ಕರೆಂಟು ಬರುವವರೆಗೆ ವಿರಾಮ ಎಂದು ನರ್ಸಕ್ಕ ಹೇಳಿದಳು.

ಮೊದಲ ಸಾಲಿನ ಮೂಲೆಯಲ್ಲಿ, ಸ್ಪೀಕರಿನ ಪಕ್ಕದಲ್ಲೇ ಯಾವಾಗಲೂ ಕೂರುವ, ಕಣ್ಣು ಮಂಜಾದ ನಿವೃತ್ತ ಮೇಷ್ಟ್ರು ಕೋಲೂರಿಕೊಂಡು ವೇದಿಕೆಯ ಹತ್ತಿರ ಬಂದರು.

“ಯಾವಾಗ ಸೇರ್ಕೊಂಡ್ಯಮ್ಮ? ಹೊಸಬಳಾ?”

“ಅಯ್ಯೋ ಇಲ್ಲ ಮೇಷ್ಟ್ರೇ, ಮೊದಲಿಂದಾನೂ ಇದ್ದೀನಿ. ನಾಲ್ಕನೇ ಮೈಕು ನಂದೇ.”

“ನನ್ನ ಹತ್ರ ತಮಾಷೆ ಮಾಡ್ತೀಯಾ? ಒಂದು ಕಾರ್ಯಕ್ರಮ ಬಿಟ್ಟವನಲ್ಲ ನಾನು. ಈ ದನಿ ಒಂದ್ಸಲ ಕೇಳಿದ್ರೆ ಮರೀತಿದ್ನಾ?”

ಮೇಷ್ಟ್ರಿಗೆ ವಯಸ್ಸಾಯಿತು ಎಂದುಕೊಂಡು ಅವಳು ನಕ್ಕಳು. ಆದರೆ ಒಳಗೊಳಗೇ ಉಬ್ಬಿಹೋಗಿದ್ದಳು. ಈ ಮಾತನ್ನು ಮೊದಲು ಗಂಡನಿಗೆ ಹೇಳಬೇಕು. ಹುಡುಗಿಯ ಹಾಗೆ ಮೆಟ್ಟಿಲಿಳಿದು ಹಿಂದಿನ ಮೇಜಿಗೆ ಓಡಿದಳು. ಅವನು ಇನ್ನೂ ಬಂದಿರಲಿಲ್ಲ.

ಹಾಡು ನಿಂತ ಕೂಡಲೇ ಮಿಕ್ಸರ್ ಬೋರ್ಡಿನಲ್ಲಿ ಒಂದೊಂದು ಮೈಕಿನ ದನಿ ಏರಿಸಿ ಇಳಿಸುವ ಗುಂಡಿಗಳನ್ನೆಲ್ಲ ಕೆಳಕ್ಕೆ ಜಾರಿಸಿಬಿಡುವುದು ಮೈಕಣ್ಣನ ಅಭ್ಯಾಸ. ಅದು ಆಗದೆ ಅವನು ಕುರ್ಚಿ ಬಿಟ್ಟೇಳುತ್ತಿರಲಿಲ್ಲ. ಇವತ್ತು ಅವಸರದಲ್ಲಿ ಇದ್ದಂತೆಯೇ ಬಿಟ್ಟು ಓಡಿದ್ದ. ಪ್ರತಿ ಗುಂಡಿಯ ಕೆಳಗೂ ಬಿಳಿ ಟೇಪು ಅಂಟಿಸಿ ಯಾರ ಮೈಕು ಎಂದು ಅವನೇ ಬರೆದಿದ್ದ. ನರ್ಸಕ್ಕನದು ಮೇಲಿತ್ತು. ಉಳಿದಿಬ್ಬರದೂ ಮೇಲಿತ್ತು. ನಾಲ್ಕನೆಯದು ತಳಕ್ಕೆ ಕಚ್ಚಿಕೊಂಡಿತ್ತು. ಅದರ ಕೆಳಗೆ ‘ಮನೆಯವಳು’ ಎಂದಿತ್ತು. ಕೈತಪ್ಪಿ ಜಾರಿರಬೇಕು ಎಂದುಕೊಂಡಳು. ಆಮೇಲೆ ಮೇಷ್ಟ್ರು ಕೇಳಿದ್ದು ನೆನಪಾಯಿತು.

ದೀಪ ಹತ್ತಿತು. ಮೈಕಣ್ಣ ಅಂಗೈ ಒರೆಸಿಕೊಳ್ಳುತ್ತ ಬಂದ.

“ಇದ್ಯಾಕ್ರೀ ಕೆಳಗಿದೆ?”

ಅವನು ಗುಂಡಿ ನೋಡಿದ, ಅವಳನ್ನು ನೋಡಿದ. ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕ.

“ಮೊದಲ್ನೇ ಕಾರ್ಯಕ್ರಮದಲ್ಲಿ ನೀನು ಒಂದು ಸಾಲು ಮುಂಚೇನೇ ಶುರು ಮಾಡಿಬಿಟ್ಟೆ. ಜನ ನಕ್ರು. ಜ್ಞಾಪಕ ಇದೆಯಾ?”

“ಇದೆ. ನಾನೂ ನಕ್ಕಿದ್ದೆ.”

“ನಂಗೆ ನಗು ಬರ್ಲಿಲ್ಲ ಕಣೇ. ನಿನ್ನ ಮರ್ಯಾದೆ ಉಳೀಲಿ ಅಂತ ಇಳಿಸಿದೆ.”

“ಅವತ್ತಿಂದಾನಾ?”

ಅವನು ಹೌದೆಂದು ತಲೆಯಾಡಿಸಿದ. ಒಂಬತ್ತು ವರ್ಷ ಅವಳು ಕಾರ್ಯಕ್ರಮ ಮುಗಿದ ಮೇಲೆ ಬಂದು “ಹೇಗಿತ್ತು ರೀ?” ಎಂದು ಕೇಳಿದ್ದಳು. ಒಂಬತ್ತು ವರ್ಷ ಅವನು “ಚೆನ್ನಾಗಿತ್ತು” ಎಂದಿದ್ದ.

“ಆಮೇಲೆ ಎಷ್ಟು ಸಲ ತಪ್ಪಿದೀನಿ?”

“ಅದು ನಂಗೆ ಹೇಗೆ ಗೊತ್ತಾಗ್ಬೇಕು?” ಅವನು ನಿಜವಾಗಿಯೂ ಅರ್ಥವಾಗದವನಂತೆ ಕೇಳಿದ. “ಕೇಳಿಸಿದ್ರೆ ತಾನೆ?”

“ಈಗ ಹಾಡಿದ್ದಾದ್ರೂ?”

“ನಾನು ಫ್ಯೂಸ್ ಹತ್ರ ಇದ್ನಲ್ಲ.”

ವೇದಿಕೆಯಿಂದ ನರ್ಸಕ್ಕ ಕೈ ಬೀಸಿ ಕರೆದಳು. ಮೈಕಣ್ಣ ತಗ್ಗಿದ ದನಿಯಲ್ಲಿ, ಸಮಾಧಾನ ಮಾಡುವವನಂತೆ ಹೇಳಿದ: “ಹೋಗು, ಇವತ್ತು ಪೂರ್ತಿ ಮೇಲಕ್ಕೆ ಇಡ್ತೀನಿ. ಆದ್ರೆ ನೋಡ್ಕೊಂಡು ಹಾಡು. ಎಂಬತ್ತು ಜನ ಕೇಳ್ತಿರ್ತಾರೆ.”

ಅವಳು ಹೋಗಿ ನಾಲ್ಕನೇ ಮೈಕಿನ ಮುಂದೆ ನಿಂತಳು. ತಪ್ಪಿದರೆ ಎಂಬ ಭಯ ಈ ಜಾಗದಲ್ಲಿ ಅವಳಿಗೆ ಯಾವತ್ತೂ ಆಗಿರಲಿಲ್ಲ. ಈಗ ಆಯಿತು. ಮೇಷ್ಟ್ರು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆಳೆದು ಅವಳೆದುರಿಗೇ ಕೂತಿದ್ದರು. ಪಿಟೀಲು ಶುರುವಾಯಿತು, ಮೂವರ ದನಿ ಎದ್ದಿತು. ಕೊಟ್ಟ ಮಾತಿನಂತೆ ಮೈಕಣ್ಣ ನಾಲ್ಕನೇ ಗುಂಡಿಯನ್ನು ತುದಿಯವರೆಗೂ ತಳ್ಳಿದ. ತಪ್ಪೀತೆಂದು ಅವಳು ಬಾಯಿ ಬಿಡಲಿಲ್ಲ. ಮೂವರ ಹಾಡಿನ ನಡುವೆ, ಎರಡು ದೊಡ್ಡ ಸ್ಪೀಕರುಗಳಿಂದ ಇಡೀ ಸಭಾಂಗಣಕ್ಕೆ ಅವಳದೆಂದು ಕೇಳಿಸಿದ್ದು ಉಸಿರು ಮಾತ್ರ.