ಚಿಲಕ ತೆಗೆದವರಿಗೆ ಬೆಲ್ಲ

ಆನೆಗಳು ಸಮಸ್ಯೆ ಬಿಡಿಸುವ ಬಗೆಯ ಮೇಲೆ ವಾರಿಜಾ ಪಿಎಚ್.ಡಿ. ಮಾಡುತ್ತಿದ್ದಳು. ಬಿಡಾರದ ಆನೆ ಮಾಲಿನಿ ತಾನೇ ಚಿಲಕ ಎಳೆದು ಪೆಟ್ಟಿಗೆಯ ಬೆಲ್ಲ ತೆಗೆಯಬೇಕಿತ್ತು. ಅದೋ, ಮದುವೆಮನೆಗೆ ಬಂದ ಬೀಗಿತ್ತಿಯ ಹಾಗೆ, ಯಾರಾದರೂ ಬಡಿಸಲಿ ಎಂದು ಕಾಯುತ್ತ ನಿಂತಿತ್ತು.

"ಇದಕ್ಕೆ ಪಾಠಾನೂ ತಿಳಿಯಲ್ಲ, ಬಹುಮಾನಾನೂ ತಿಳಿಯಲ್ಲ. ನಾಳೆಯಿಂದ ಬೇರೆ ವಿಷಯ ಹಿಡಿಯಮ್ಮ," ಎಂದರು ನೋಡಲು ಬಂದಿದ್ದ ಗೈಡ್.

ವಾರಿಜಾಳ ಮುಖ ಬಾಡಿತು. ಮಾವುತ ಮೆತ್ತಗೆ, "ಪಾಪ, ಬೈಬೇಡಿ ಸಾರ್. ಅಕ್ಕಾ, ಇನ್ನೊಂದ್ಸಲ ನೀವೇ ತೋರ್ಸಿ," ಎಂದ.

"ನೋಡೇ ತಾಯಿ, ಹೀಗೆ," ಎನ್ನುತ್ತ ಅವಳು ಚಿಲಕ ಎಳೆದಳು. ಮುಚ್ಚಳ ತೆರೆಯಿತು.

ಮಾಲಿನಿ ಬೆಲ್ಲದುಂಡೆಯನ್ನು ಮೆಲ್ಲಗೆ ಎತ್ತಿ, ಹೇಳಿದ ಕೆಲಸ ಮಾಡಿದಾಗಲೆಲ್ಲ ಮಾವುತ ತನಗೆ ಮಾಡುವಂತೆಯೇ, ವಾರಿಜಾಳ ಬಾಯಿಗಿಟ್ಟು ಬೆನ್ನು ತಟ್ಟಿತು.