ಒಲೆಯ ಮುಂದಿನ ಚಿತ್ರ

ಅಂತರ್ಜಾಲದಲ್ಲಿ ಚಿತ್ರಗಳ ಓಡಾಟ ನಿಂತು ಎಷ್ಟೋ ವರ್ಷವಾಯಿತು. ಈಗ ಹೋಗುವುದು ವಿವರಣೆ ಮಾತ್ರ. ಕಣ್ಣಿದ್ದವರಿಗೆ ಫೋನು ಆ ಮಾತಿನಂತೆ ಚಿತ್ರ ಬಿಡಿಸಿ ತೋರಿಸುತ್ತದೆ, ಕಣ್ಣಿಲ್ಲದವರಿಗೆ ಓದಿ ಹೇಳುತ್ತದೆ. ಆ ವಿವರಣೆ ಬರೆಯುವುದು ನನ್ನ ಕಸುಬು.

ಗದಗಿನ ಮಡಿವಾಳಪ್ಪನವರು ತಮ್ಮ ಖಾನಾವಳಿಯ ವಿವರಣೆಯನ್ನು ತಾವೇ ಬರೆದಿದ್ದರು. ಹುಡುಕಿದವರಿಗೆ ಮೊದಲು ಸಿಗಲಿ ಎಂದು "ಊಟ, ಊಟ, ನಂಬರ್ ಒನ್ ಊಟ, ರೊಟ್ಟಿ, ರೊಟ್ಟಿ" ಎಂದು ತುರುಕಿದ್ದರು. ಜನರ ಫೋನಿನಲ್ಲಿ ಮೂಡುತ್ತಿದ್ದುದು ಮನುಷ್ಯರಿಲ್ಲದ ಕೋಣೆ, ಸೂರು ಮುಟ್ಟುವ ರೊಟ್ಟಿಯ ಗುಡ್ಡ. ನೋಡಿದವರು ಹೆದರುತ್ತಿದ್ದರು.

"ಹಿಂಗ ಆದ್ರ ಬಾಗಲಾ ಹಾಕೋದರೀ ಅಕ್ಕಾರ," ಎಂದರು ಮಡಿವಾಳಪ್ಪನವರು, ನನ್ನನ್ನು ಖಾನಾವಳಿಗೆ ಕರೆಸಿ.

"ಒಳಗ ಏನೈತಿ? ಇದ್ದದ್ದಷ್ಟ ಹೇಳ್ರಿ."

ಅವರು ಅಡುಗೆಮನೆಯ ಕಡೆ ತಿರುಗಿಯೂ ನೋಡಲಿಲ್ಲ. "ಒಲಿ ಮುಂದ ನಮ್ಮಾಕಿ ಕುಂತಾಳ, ರೊಟ್ಟಿ ಬಡೀತಾಳ. ಕೈಯಾಗ ಹಸರ ಬಳಿ, ಎಡಗೈಯಾಗ ಒಂದು ಕಮ್ಮಿ. ಮಣಿಕಟ್ಟಿನ ಮ್ಯಾಲ ಸುಟ್ಟ ಕಲಿ. ರೊಟ್ಟಿ ಉಬ್ಬಿತಂದ್ರ ಒಬ್ಬಾಕಿನ ನಗತಾಳ."

ಅಷ್ಟನ್ನೇ ಬರೆದೆ.

ಮರುವಾರ ನಾನು ಊಟಕ್ಕೆ ಹೋದಾಗ ಬೆಂಚು ಸಾಲದಾಗಿದ್ದವು. ಕಣ್ಣು ಕಾಣದ ಮಾಸ್ತರರೊಬ್ಬರು ಕೋಲು ಊರಿಕೊಂಡು ಬಂದು, "ರೊಟ್ಟಿ ಉಬ್ಬಿದ್ರ ನಗೋ ತಾಯಿ ಎಲ್ಲಿದ್ದಾರ್ರೀ?" ಎಂದು ಕೇಳಿದರು.

ಒಳಗಿಂದ ಮಡಿವಾಳಪ್ಪನವರ ಹೆಂಡತಿ ನೀಲವ್ವ ಸೆರಗಿಗೆ ಕೈ ಒರೆಸುತ್ತ ಬಂದಳು. ನಾನು ಫೋನು ತೋರಿಸಿದೆ. ತನ್ನ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಇದನ್ನೆಲ್ಲಾ ನಿಮಗ ಯಾರ ಹೇಳಿದ್ರವ್ವಾ? ನೀವು ಒಳಗ ಬಂದೇ ಇಲ್ಲ."

ನಾನು ಕಣ್ಣಿನಲ್ಲೇ ತೋರಿಸಿದೆ. ಮಡಿವಾಳಪ್ಪನವರು ಮೂಲೆಯಲ್ಲಿ, ತೊಳೆದಿಟ್ಟ ತಾಟುಗಳನ್ನೇ ಮತ್ತೆ ತೊಳೆಯುತ್ತಿದ್ದರು.