ಅವಳಜ್ಜನೂ ಹಾಗೇ

"ನಮ್ಮ ಗುಬ್ಬಿಗೆ ಏನೂ ಆಗಿಲ್ಲ ಡಾಕ್ಟ್ರೇ," ಎನ್ನುತ್ತಾ ಅಜ್ಜಿ ಕೈಚೀಲವನ್ನು ಮೇಜಿನ ಮೇಲೆ ಧಪ್ಪೆಂದು ಇಟ್ಟಳು. ಕುರ್ಚಿಯಲ್ಲಿ ಕೂತದ್ದು ಆಮೇಲೆ. ಮೊಮ್ಮಗಳಿಗೆ ಆಟಿಸಂ ಇದೆ ಎಂದು ಹೋದ ವಾರ ಇದೇ ಡಾಕ್ಟರಮ್ಮ ಮಗಳಿಗೂ ಅಳಿಯನಿಗೂ ಹೇಳಿ ಕಳಿಸಿದ್ದರು. ಅಂದಿನಿಂದ ಮಗಳ ಮುಖ ಬಾಡಿತ್ತು, ಅಜ್ಜಿಗೆ ಊಟ ಸೇರುತ್ತಿರಲಿಲ್ಲ. ಅವಳು ಟೆಲಿಫೋನ್ ಆಫೀಸಿನಲ್ಲಿ ಆಯುಷ್ಯವೆಲ್ಲ ಮಾತಾಡಿಯೇ ಸಂಬಳ ತೆಗೆದುಕೊಂಡವಳು. ಒಬ್ಬ ಡಾಕ್ಟರನ್ನು ಮಾತಿನಲ್ಲಿ ಒಪ್ಪಿಸುವುದು ಯಾವ ಮಹಾ ಎಂದುಕೊಂಡು ಮೊಮ್ಮಗಳನ್ನೂ ಗಂಡನನ್ನೂ ಹೊರಡಿಸಿಕೊಂಡು ಬಂದಿದ್ದಳು.

ಅವರಿಬ್ಬರೂ ಬಂದವರೇ ಮೂಲೆಯ ಆಟಿಕೆ ಡಬ್ಬಿಯ ಹತ್ತಿರ ನೆಲದ ಮೇಲೆ ಕೂತುಬಿಟ್ಟಿದ್ದರು. ಗುಬ್ಬಿ ಕಾರುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸುತ್ತಿದ್ದಳು. ಹೊಲಿಗೆ ಮಿಷನ್ ರಿಪೇರಿಯಲ್ಲೇ ಕೂದಲು ಬೆಳ್ಳಗಾಗಿಸಿಕೊಂಡ ಅಜ್ಜ ಕನ್ನಡಕ ಏರಿಸಿ ನೋಡಿ, ಒಂದು ಹಳದಿ ಕಾರನ್ನು ಬೆರಳ ತುದಿಯಿಂದ ಎಳ್ಳಷ್ಟು ಸರಿಸಿದ. ಗುಬ್ಬಿ ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದಳು.

"ಮಾತಾಡುವಾಗ ಮುಖ ನೋಡ್ತಾಳಾ?" ಡಾಕ್ಟರಮ್ಮ ಕೇಳಿದರು.

"ನೋಡಲ್ಲ. ಅದರಲ್ಲೇನಿದೆ? ಅವಳಜ್ಜನೂ ಹಾಗೇ. ನಮ್ಮ ಮದುವೆ ಫೋಟೋ ತಂದು ತೋರಿಸಲಾ? ನನ್ನನ್ನ ಬಿಟ್ಟು ಫೋಟೋದವನ ಲೈಟಿನ ಸ್ಟ್ಯಾಂಡ್ ನೋಡ್ತಾ ನಿಂತಿದಾರೆ!"

"ಜೋರು ಸದ್ದಾದರೆ?"

"ಕಿವಿ ಮುಚ್ಕೊಂಡು ಮಂಚದ ಕೆಳಗೆ ಸೇರ್ತಾಳೆ. ಇವರೇನು ಕಮ್ಮಿನಾ? ನೆಂಟರೆಲ್ಲ ಒಟ್ಟಿಗೆ ನಕ್ಕರೆ ಸಾಕು, ಬಚ್ಚಲಮನೆಗೆ ಹೋಗಿ ಚಿಲಕ ಹಾಕ್ಕೊಳ್ತಾರೆ. ಅಂಗಿ ಕತ್ತಿನ ಹತ್ತಿರ ಲೇಬಲ್ ಇರುತ್ತಲ್ಲ, ಅದು ಚುಚ್ಚುತ್ತೆ ಅಂತ ಇಬ್ಬರದ್ದೂ ಒಂದೇ ರಾಗ. ಕತ್ತರಿಸಿ ಕತ್ತರಿಸಿ ನನ್ನ ಕೈ ಸೋತು ಹೋಯ್ತು."

ಡಾಕ್ಟರಮ್ಮನ ತುಟಿಯಂಚಿನಲ್ಲಿ ನಗು ಇಣುಕಿತು. "ಹೇಳಿದ್ದನ್ನ ಅಕ್ಷರಶಃ ತಗೋತಾಳೆ ಅಂತ ನಿಮ್ಮ ಮಗಳು ಹೇಳಿದ್ರು."

"ಅಯ್ಯೋ, ಕೇಳಬೇಡಿ! ಮೊನ್ನೆ ಹಾಲಿನ ಮೇಲೆ ಒಂದು ಕಣ್ಣಿಟ್ಟಿರು ಪುಟ್ಟಾ ಅಂದೆ. ಬಂದು ನೋಡ್ತೀನಿ, ಒಂದು ಕಣ್ಣು ಗಟ್ಟಿಯಾಗಿ ಮುಚ್ಕೊಂಡು ಇನ್ನೊಂದರಲ್ಲಿ ನೋಡ್ತಾ ನಿಂತಿದಾಳೆ! ಹಾಲು ಉಕ್ಕಿ ಒಲೆಗೆಲ್ಲ ಸ್ನಾನ. ಇವರಿಗೂ ಒಂದ್ಸಲ ಹಾಲು ನೋಡ್ಕೊಳ್ಳಿ ಅಂದಿದ್ದೆ. ಉಕ್ಕೋದನ್ನ ಪೂರ್ತಿ ನೋಡಿದ್ರು. 'ನೀನು ನೋಡು ಅಂದಿದ್ದೆ, ಒಲೆ ಆರಿಸು ಅಂದಿರಲಿಲ್ಲ' ಅಂತ ನನಗೇ..."

ಅಜ್ಜಿಯ ಮಾತು ಅರ್ಧಕ್ಕೇ ನಿಂತಿತು. ತಾನು ಕರೆತಂದ ಸಾಕ್ಷಿಯೇ ಎದುರು ಪಕ್ಷಕ್ಕೆ ಹೋಗಿ ಕೂತಂತಾಗಿತ್ತು. ಮೂಲೆಯಲ್ಲಿ ಬಗ್ಗಿದ್ದ ಎರಡು ತಲೆಗಳನ್ನು ಅವಳು ಒಂದೊಂದಾಗಿ ನೋಡಿದಳು, ಒಂದು ಕಪ್ಪು, ಒಂದು ಬಿಳಿ.

"ಹಾಗಾದರೆ... ಇವರಿಗೂ?"

"ಅವರ ಜೊತೆ ಕೂತು ಮಾತಾಡದೆ ನಾನು ಹಾಗೆ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ. "ಒಂದೇ ಮನೆಯಲ್ಲಿ ಇಬ್ಬರಿಗಿರೋದು ಅಪರೂಪವೇನಲ್ಲ. ಇದು ಕಾಯಿಲೆಯಲ್ಲಮ್ಮ, ವಾಸಿ ಮಾಡೋ ಪ್ರಶ್ನೆಯೇ ಇಲ್ಲ. ಅವರಿಗೆ ಸದ್ದು ಕೇಳಿಸೋದು, ಬಟ್ಟೆ ಮೈಗೆ ತಾಗೋದು ನಮ್ಮ ಹಾಗಲ್ಲ. ನಾವು ಸುತ್ತಿಬಳಸಿ ಮಾತಾಡಿದರೆ ಅದರೊಳಗಿನ ಅರ್ಥ ಅವರಿಗೆ ಸುಲಭಕ್ಕೆ ಸಿಗಲ್ಲ. ಬಿಡಿಸಿ ಹೇಳಿದರೆ ಆಯ್ತು."

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಈಗ ಅವಳ ದನಿಯಲ್ಲಿ ವಾದವಿರಲಿಲ್ಲ. "ಅದೆಲ್ಲ ಸರಿ ಡಾಕ್ಟ್ರೇ. ನನಗೆ ಹೊಟ್ಟೆ ಆಪರೇಷನ್ ಆಗಿ ಮನೆಗೆ ಬಂದ ದಿನ ಅಕ್ಕಪಕ್ಕದವರೆಲ್ಲ ಬಂದು ಕೈ ಹಿಡ್ಕೊಂಡು ಕೂತರು. ಇವರು ಹೇಗಿದೀಯ ಅಂತ ಒಂದು ಮಾತು ಕೇಳಲಿಲ್ಲ. ಎಣ್ಣೆ ಡಬ್ಬಿ ಹಿಡ್ಕೊಂಡು ಮನೆಯ ಬಾಗಿಲಿಗೆಲ್ಲ ಎಣ್ಣೆ ಬಿಡ್ತಾ ಓಡಾಡ್ತಿದ್ರು. ಅದೊಂದು ಮಾತ್ರ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ."

ಡಾಕ್ಟರಮ್ಮ ಮೂಲೆಯ ಕಡೆ ತಿರುಗಿದರು. "ಯಜಮಾನ್ರೇ, ಆವತ್ತು ಬಾಗಿಲಿಗೆ ಯಾಕೆ ಎಣ್ಣೆ ಬಿಟ್ರಿ?"

ಅಜ್ಜ ಕಾರಿನ ಸಾಲಿನಿಂದ ಕಣ್ಣೆತ್ತಲಿಲ್ಲ. "ಕಿರ್ರ್ ಅಂತಿದ್ದವು. ಇವಳಿಗೆ ನಿದ್ದೆ ಬೇಕಿತ್ತು."

ಆ ದಿನಗಳಲ್ಲಿ ತಾನು ಹಸುಗೂಸಿನ ಹಾಗೆ ಮಲಗಿದ್ದು ಅಜ್ಜಿಗೆ ನೆನಪಾಯಿತು. ಆ ನಿದ್ದೆಯ ಪುಣ್ಯವನ್ನೆಲ್ಲ ಮಾತ್ರೆಗೇ ಕಟ್ಟಿದ್ದಳು. ಕೈಚೀಲದಿಂದ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡಳು, ಒರೆಸಿಕೊಳ್ಳುತ್ತಲೇ ನಕ್ಕಳು. ಆಮೇಲೆ, "ಸಾಕು ಬಾರೇ, ಇನ್ನೆಷ್ಟು ಹೊತ್ತು" ಎಂಬ ಎಂದಿನ ರಾಗ ಬಿಟ್ಟು, "ಗುಬ್ಬೀ, ಕಾರುಗಳನ್ನ ಡಬ್ಬಿಗೆ ಹಾಕು. ಆಮೇಲೆ ಮೂವರೂ ಮನೆಗೆ ಹೋಗೋಣ," ಎಂದಳು. ಗುಬ್ಬಿ ಒಂದೊಂದನ್ನೇ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ, ಬಾಗಿಲ ಬಳಿ ಹೋಗಿ ನಿಂತಳು.

"ಮಗಳಿಗೆ ಧೈರ್ಯ ಹೇಳಿ," ಡಾಕ್ಟರಮ್ಮ ಎದ್ದು ನಿಂತು ಹೇಳಿದರು. "ನಿಮಗಿಂತ ಚೆನ್ನಾಗಿ ಹೇಳೋರು ಯಾರಿದಾರೆ?"

ಮೆಟ್ಟಿಲಿಳಿಯುವಾಗ ಅಜ್ಜಿಗೆ ತಡೆಯಲಾಗಲಿಲ್ಲ. "ಅಲ್ಲಾ ರೀ, ಅದನ್ನ ಆಗಲೇ ಬಾಯಿಬಿಟ್ಟು ಹೇಳಬಾರದಿತ್ತಾ?"

"ನೀನು ನಿದ್ದೆ ಮಾಡ್ತಿದ್ದೆ."

"ಎದ್ದ ಮೇಲೆ?"

ಅಜ್ಜ ಮೆಟ್ಟಿಲ ಮೇಲೇ ನಿಂತು ನಿಜವಾಗಿಯೂ ಯೋಚಿಸಿದ.

"ಅಷ್ಟು ಹೊತ್ತಿಗೆ ಬಾಗಿಲು ಸರಿಯಾಗಿತ್ತಲ್ಲ. ಹೇಳೋಕೇನಿತ್ತು?"